ಜರ್ಮನ್ ವಲಸಿಗ ಸೈನಿಕನ ಜಾಡು ಹಿಡಿಯಲು ಫ್ಯಾಮಿಲಿಸರ್ಚ್: ಬಹುಕಾಲದ ಬಳಕೆಯ ನಂತರ

ಪುಕ್ಕಟೆ ಸಿಗುವ ವಂಶಾವಳಿ ತಾಣಗಳಲ್ಲಿ ಫ್ಯಾಮಿಲಿಸರ್ಚ್‌ಗೆ ಸಾಟಿಯಿಲ್ಲ. ಖಾತೆ ತೆರೆದರೆ ಸಾಕು, ಚಂದಾ ಇಲ್ಲ. ಆದರೆ ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಹೋರಾಡಿದ ಜರ್ಮನ್ ವಲಸಿಗನ ಹುಟ್ಟೂರು ಇಲ್ಲೇ ಕೈಗೆ ಸಿಗುತ್ತದೆಂದು ಕೂತರೆ ನಿರಾಸೆ ಖಂಡಿತ. ಊರಿನ ಹೆಸರು ಇರುವುದು ಹೆಚ್ಚಾಗಿ ಪಿಂಚಣಿ ಕಡತದಲ್ಲಿ ಅಥವಾ ಚರ್ಚಿನ ದಫ್ತರದಲ್ಲಿ. ಅಲ್ಲಿಗೆ ದಾರಿ ತೋರಿಸುವುದಷ್ಟೇ ಈ ತಾಣದ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತದೆ.

ಹೊಸಬರು ಹಡಗಿನ ಪಟ್ಟಿಯಿಂದ ಶುರುಮಾಡುತ್ತಾರೆ. ಬೇಡ. ನ್ಯೂಯಾರ್ಕ್ ಬಂದರಿನ ವಲಸಿಗರ ತಪಾಸಣಾ ಕೇಂದ್ರ ಎಲ್ಲಿಸ್ ಐಲೆಂಡ್ ತೆರೆದದ್ದೇ 1892ರಲ್ಲಿ. ಯುದ್ಧಕ್ಕೆ ಮುಂಚೆ ಬಂದವನು ಅಲ್ಲಿ ಸಿಗುವ ಮಾತೇ ಇಲ್ಲ. ಆಗಿನ ಅಮೆರಿಕದ ಪಟ್ಟಿಗಳಲ್ಲಿ ಸಾಮಾನ್ಯವಾಗಿ 'ಪ್ರಷ್ಯಾ', 'ಬಾಡೆನ್' ಅಥವಾ ಬರೀ 'ಜರ್ಮನಿ' ಎಂದಿರುತ್ತದೆ, ಊರಿನ ಹೆಸರಲ್ಲ. ಹ್ಯಾಂಬರ್ಗ್‌ನಿಂದ ಹೊರಟವರ ಪಟ್ಟಿ 1850ರಿಂದ ಉಳಿದಿದೆ. ಬ್ರೆಮೆನ್ ಬಂದರಿನ ಆ ಕಾಲದ ಪಟ್ಟಿಗಳು ಬಹುತೇಕ ನಾಶವಾಗಿವೆ.

ಜನಗಣತಿ ಹಿಡಿದು ಹಿಂದಕ್ಕೆ ಹೋಗುವುದೇ ಸರಿ. 1900ರದ್ದರಲ್ಲಿ ವಲಸೆ ಬಂದ ವರ್ಷ ಬರೆದಿದ್ದಾರೆ. 1910ರದ್ದರಲ್ಲಿ ಯೂನಿಯನ್ (ಉತ್ತರದ ರಾಜ್ಯಗಳ) ಸೇನೆಯಲ್ಲಿದ್ದವರಿಗೆ 'ಯುಎ' ಎಂಬ ಗುರುತಿದೆ. ಪುಟದ ಬಲತುದಿಯ ಕಾಲಂ, ಚಿತ್ರವನ್ನೇ ತೆರೆದು ನೋಡಿ. 1890ರ ಗಣತಿ ಬೆಂಕಿಗೆ ಸಿಕ್ಕಿ ಹಾಳಾದರೂ ಮಾಜಿ ಸೈನಿಕರ ಪ್ರತ್ಯೇಕ ಪಟ್ಟಿಯಲ್ಲಿ ಒಹಾಯೊ, ವಿಸ್ಕಾನ್ಸಿನ್‌ನಂಥ ರಾಜ್ಯಗಳದ್ದು ಉಳಿದಿದೆ. ಇಲಿನಾಯ್‌ನದು ಹೆಚ್ಚುಕಡಿಮೆ ಇಲ್ಲ.

ಹುಡುಕಾಟ ಕೆಡುವುದು ಹೆಸರಿನಲ್ಲಿ. ಯೋಹಾನ್ ಫ್ರೀಡ್ರಿಷ್ ಎಂದು ದೀಕ್ಷಾಸ್ನಾನವಾದವನನ್ನು ಮನೆಯವರು ಕರೆಯುತ್ತಿದ್ದುದು ಫ್ರೀಡ್ರಿಷ್ ಎಂದೇ. ಸೇನೆಯಲ್ಲಿ ಅವನು ಫ್ರೆಡ್. 'ಜಾನ್' ಎಂದು ಹುಡುಕಿದರೆ ಬೇರೆ ಯಾರೋ ಸಿಗುತ್ತಾರೆ. ಮ್ಯೂಲರ್ ಮಿಲ್ಲರ್ ಆಗಿರುತ್ತಾನೆ, ಶ್ಮಿಟ್ ಸ್ಮಿತ್. ಮನೆತನದ ಹೆಸರಿನ ಸ್ವರಗಳ ಜಾಗಕ್ಕೆ ನಕ್ಷತ್ರ ಚಿಹ್ನೆ (*) ಹಾಕಿ, ಮೊದಲ ಹೆಸರು ಖಾಲಿ ಬಿಟ್ಟು, ಕೌಂಟಿ ಮತ್ತು ಹುಟ್ಟಿದ ವರ್ಷದಿಂದ ಸೋಸಿ.

ಮುಂದಿನದು ಟಿ288 ಎಂಬ ಮೈಕ್ರೋಫಿಲ್ಮ್ ಸಂಖ್ಯೆಯ ಪಿಂಚಣಿ ಸೂಚಿ. ಒಂದೊಂದು ಕಾರ್ಡಿನಲ್ಲೂ ಸೈನಿಕನ ಹೆಸರು, ರೆಜಿಮೆಂಟು, ಅರ್ಜಿ ಹಾಕಿದ ದಿನ, ಅರ್ಜಿಯ ಮತ್ತು ಮಂಜೂರಾತಿಯ ಸಂಖ್ಯೆ. ವಿಧವೆಯೂ ಅರ್ಜಿ ಹಾಕಿದ್ದರೆ ಅವಳ ಹೆಸರು. ಒಂದೇ ಹೆಸರಿನ ಹತ್ತಾರು ಜನ ಬಂದರೆ ರೆಜಿಮೆಂಟು, ಕಂಪನಿವಾರು ಜೋಡಿಸಿದ ಇನ್ನೊಂದು ಪಿಂಚಣಿ ಸೂಚಿ ಟಿ289ಕ್ಕೆ ತಾಳೆ ನೋಡಿ. ಸಿನ್ಸಿನಾಟಿಯ 9ನೇ ಒಹಾಯೊ, 32ನೇ ಇಂಡಿಯಾನಾ, ಮಿಲ್ವಾಕಿಯ 26ನೇ ವಿಸ್ಕಾನ್ಸಿನ್‌ಗಳಂತೂ ಜರ್ಮನ್ನರದೇ ರೆಜಿಮೆಂಟುಗಳು. ಅಲ್ಲಿ ಒಂದೇ ಹೆಸರಿನವರ ಕಾಟ ಇನ್ನೂ ಜಾಸ್ತಿ.

ಸಂಖ್ಯೆ ಸಿಕ್ಕ ಮೇಲೆ ಅಮೆರಿಕದ ಸರ್ಕಾರಿ ದಾಖಲೆಗಳ ಸಂಗ್ರಹ ನ್ಯಾಷನಲ್ ಆರ್ಕೈವ್ಸ್‌ಗೆ ಎನ್ಎಟಿಎಫ್ 85 ಎಂಬ ನಮೂನೆಯಲ್ಲಿ ಅರ್ಜಿ ಹಾಕಿ ಪೂರ್ತಿ ಕಡತವನ್ನೇ ತರಿಸಿ. ಮೊದಲ 100 ಪುಟಕ್ಕೆ 80 ಡಾಲರ್, ಆಮೇಲೆ ಪುಟಕ್ಕೆ 70 ಸೆಂಟ್. ಆರ್ಡರ್ ಮಾಡುವಾಗ ದರ ಇನ್ನೊಮ್ಮೆ ನೋಡಿಕೊಳ್ಳಿ. 30 ಡಾಲರಿನ ಆಯ್ದ ಪುಟಗಳ ಕಂತೆ ದಂಡ, ಬೇಕಾದ ಹಾಳೆ ಅದರಲ್ಲಿ ಬಾರದೆ ಹೋಗಬಹುದು. ಸಂಖ್ಯೆಯ ಮುಂದೆ 'ಎಕ್ಸ್‌ಸಿ' ಇದ್ದರೆ ಕಡತ ಮಾಜಿ ಸೈನಿಕರ ಇಲಾಖೆಯಲ್ಲಿರಬಹುದು, ಮೊದಲೇ ವಿಚಾರಿಸಿ. ಸೇವಾ ದಾಖಲೆ ಬೇರೆ ಅರ್ಜಿ, 86. ಅದರಲ್ಲಿ ವಯಸ್ಸು, ಎತ್ತರ, ಕಸುಬು, ಹಾಜರಿ ಸಿಗುತ್ತದೆ. ಹುಟ್ಟಿದ ಸ್ಥಳಕ್ಕೆ ಮತ್ತೆ 'ಜರ್ಮನಿ'.

ಕಡತದಲ್ಲಿ ಮೊದಲು ಹುಡುಕಬೇಕಾದ್ದು 1898ರ ಪ್ರಶ್ನಾವಳಿ. ಹೆಂಡತಿಯ ತವರಿನ ಮನೆತನದ ಹೆಸರು, ಮದುವೆ ಯಾವಾಗ, ಎಲ್ಲಿ, ಮಾಡಿಸಿದವರು ಯಾರು, ಮಕ್ಕಳ ಹೆಸರು, ಹುಟ್ಟಿದ ದಿನ ಎಲ್ಲವೂ ಒಂದೇ ಹಾಳೆಯಲ್ಲಿ. ಇದರಲ್ಲಿ ಬಂಗಾರದಂಥದ್ದು ಮದುವೆ ಮಾಡಿಸಿದ ಪಾದ್ರಿಯ ಹೆಸರು. ಆ ವರ್ಷದ ನಗರದ ಡೈರೆಕ್ಟರಿಯಲ್ಲಿ ಪಾದ್ರಿ ಯಾವ ಚರ್ಚಿನವನೆಂದು ನೋಡಿ ಅದರ ಜರ್ಮನ್ ದಫ್ತರಕ್ಕೆ ಹೋದರೆ ಮದುವೆ ಅಥವಾ ಮರಣದ ಸಾಲಿನಲ್ಲಿ ಹಳ್ಳಿಯ ಹೆಸರು ಸಿಗುವ ಸಂಭವ ಹೆಚ್ಚು. ಲಿಪಿ ಕುರ್ರೆಂಟ್ ಎಂಬ ಹಳೆಯ ಜರ್ಮನ್ ಕೈಬರಹ, 'ಇ' ಮತ್ತು 'ಎನ್' ಅಕ್ಷರಗಳು ಒಂದೇ ಥರ ಕಾಣುತ್ತವೆ, ಸೂಚಿಗಳಲ್ಲಿ ಊರಿನ ಹೆಸರು ಕೆಡುವುದಕ್ಕೆ ಇದೂ ಒಂದು ಕಾರಣ. ಓದಿದ ಹೆಸರನ್ನು ಜರ್ಮನ್ ಊರುಗಳ ಹಳೆಯ ಕೋಶವಾದ ಮೇಯರ್ಸ್ ಗೆಜೆಟಿಯರಿನ ಉಚಿತ ತಾಣದಲ್ಲಿ ಪರೀಕ್ಷಿಸಿ. ಅಲ್ಲಿಂದಾಚೆ ಆ ಊರಿನ ಚರ್ಚಿನ ದಫ್ತರಗಳಿಗೆ ಬೇರೆ ತಾಣಗಳು: ಕ್ಯಾಥೊಲಿಕರಾದರೆ ಮಾಟ್ರಿಕುಲಾ (ಉಚಿತ), ಪ್ರೊಟೆಸ್ಟೆಂಟರಾದರೆ ಆರ್ಕಿಯಾನ್ (ಹಣ ಕೊಡಬೇಕು).

ಫ್ಯಾಮಿಲಿಸರ್ಚ್‌ನ ತೊಡಕು ಎರಡು. ಕೆಲವು ಚಿತ್ರಗಳು ಮನೆಯಿಂದ ತೆರೆಯುವುದಿಲ್ಲ, ಅವರ ಕೇಂದ್ರಕ್ಕೋ ಜೋಡಣೆಯಿರುವ ಗ್ರಂಥಾಲಯಕ್ಕೋ ಹೋಗಬೇಕು. ಇನ್ನೊಂದು, ಅಲ್ಲಿನ ವಂಶವೃಕ್ಷ ಎಲ್ಲರದೂ; ಯಾರು ಬೇಕಾದರೂ ತಿದ್ದಬಹುದು, ಹೀಗಾಗಿ ಇಬ್ಬರು ಫ್ರೆಡ್‌ಗಳನ್ನು ಒಬ್ಬನಾಗಿಸಿದ ನಮೂನೆಗಳಿಗೆ ಬರವಿಲ್ಲ. ನಿಮ್ಮ ಪ್ರತಿಯನ್ನು ಕಂಪ್ಯೂಟರಿನಲ್ಲಿ ಬೇರೆ ಇಟ್ಟುಕೊಳ್ಳಿ, ತಿದ್ದಿದಾಗ ಕಾರಣದ ಜಾಗದಲ್ಲಿ ಪಿಂಚಣಿ ಸಂಖ್ಯೆ ಬರೆಯಿರಿ. ಐದಕ್ಕೆ ನಾಲ್ಕು ಅಂಕ.