ಎಫ್ ಕೀಲಿಯೊಂದಿಗೆ 16 ವರ್ಷ: ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದ ಬಳಕೆ

ಅನುವಾದ ಮತ್ತು ಕರಡು ತಿದ್ದುವುದು ನನ್ನ ವೃತ್ತಿ. ದಿನಕ್ಕೆ ಐದಾರು ತಾಸು ಕನ್ನಡ ಟೈಪಿಸುತ್ತೇನೆ. ಕೆ.ಪಿ. ರಾವ್ ಅವರು ರೂಪಿಸಿದ, ಸರ್ಕಾರ ಪ್ರಮಾಣಿತವೆಂದು ಒಪ್ಪಿದ, ‘ನುಡಿ’ ತಂತ್ರಾಂಶದ ಮೂಲಕ ಎಲ್ಲರ ಕೈಗೂ ಬಂದ ವಿನ್ಯಾಸವನ್ನು 16 ವರ್ಷಗಳಿಂದ ಬಳಸುತ್ತಿದ್ದೇನೆ. ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ ಎಲ್ಲೆಡೆ ಸಿಗುತ್ತದೆ. ನಾನು ಬರೆಯಲು ಕುಳಿತದ್ದು ಒಂದೇ ಒಂದು ಕೀಲಿಯ ಬಗ್ಗೆ.

ಅದು ಎಫ್. ಎಡಗೈ ತೋರುಬೆರಳು ವಿಶ್ರಮಿಸುವ ಜಾಗ. ನೋಡದೆಯೂ ಸಿಗಲಿ ಎಂದು ಅದರ ಮೇಲೆ ಸಣ್ಣ ಗೆರೆ ಉಬ್ಬಿರುತ್ತದೆ. ರಾವ್ ಅವರು ಅರ್ಧಾಕ್ಷರದ ಚಿಹ್ನೆಯನ್ನು ತಂದು ಕೂರಿಸಿದ್ದು ಅಲ್ಲಿ. ವ್ಯಂಜನದೊಳಗಿನ ‘ಅ’ಕಾರವನ್ನು ಕಳಚಿ, ಮುಂದಿನ ವ್ಯಂಜನಕ್ಕೆ ಹೊಲಿಯುವ ಸೂಜಿ ಅದು. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಎರಡು ಸಾಲು ಬರೆಯುವುದೂ ಕಷ್ಟ. ಅಷ್ಟು ಬೇಕಾದ ಚಿಹ್ನೆ ಬೆರಳು ಕದಲದೆ ಸಿಗುತ್ತದೆ.

ಬೆಳಿಗ್ಗೆ ಕಾಫಿ ಲೋಟವನ್ನು ಪಕ್ಕಕ್ಕಿಟ್ಟು, ಕಡತ ತೆರೆಯುವ ಮೊದಲು ‘ಸ್ವಾತಂತ್ರ್ಯ’ ಎಂದು ನಾಲ್ಕೈದು ಸಲ ಟೈಪಿಸುವುದು ನನ್ನ ರೂಢಿ. ಗಾಯಕರು ಷಡ್ಜ ಹಿಡಿಯುವ ಹಾಗೆ. ಹನ್ನೊಂದು ಹೊಡೆತ, ಅದರಲ್ಲಿ ಮೂರು ಸಲ ಎಫ್. ಬಾಯಿ ಉಚ್ಚರಿಸುವ ಕ್ರಮದಲ್ಲೇ ಬೆರಳು ಓಡುತ್ತದೆ. ಒತ್ತು ಎಲ್ಲಿ ಕೂರಬೇಕೆಂಬ ಚಿಂತೆ ಕಂಪ್ಯೂಟರಿನದು. ‘ಕನ್ನಡ’ ಎಂದು ಬರೆಯಲು ಐದೇ ಹೊಡೆತ ಸಾಕು. ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಲಿಪ್ಯಂತರ ಮಾಡಿಸಿಕೊಳ್ಳುವವರಿಗೆ ಏಳು ಬೇಕು. ನನಗೆ ಹೊಡೆತಗಳ ಲೆಕ್ಕಕ್ಕಿಂತ ಮುಖ್ಯವಾದದ್ದು, ಟೈಪಿಸುವಾಗ ತಲೆಯಲ್ಲಿ ಕನ್ನಡದ ಅಕ್ಷರಗಳೇ ಇರುತ್ತವೆ ಎಂಬುದು.

ಖರ್ಚು ಎಂದರೆ ಸಾಮಾನ್ಯ ಕೀಲಿಮಣೆಯದ್ದು ಮಾತ್ರ. ಕನ್ನಡ ಅಚ್ಚಾಗಿರುವ ಕೀಲಿಗಳು ಬೇಕಿಲ್ಲ. ನಾನು ಇದುವರೆಗೆ ಮೂರು ಸವೆಸಿದ್ದೇನೆ, ಮೂರರಲ್ಲೂ ಮೊದಲು ಅಳಿಸಿಹೋದ ಅಕ್ಷರ ಎಫ್. ಲಿನಕ್ಸ್‌ನಲ್ಲಿ ಈ ವಿನ್ಯಾಸಕ್ಕೆ ‘ಕಗಪ’ ಎಂದು ಹೆಸರು, ‘ನುಡಿ’ಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಅಲ್ಲಿ ಇದೇ ಹೆಸರಿನಲ್ಲಿ ತೆಲುಗು, ಹಿಂದಿ, ಮರಾಠಿ, ಸಂಸ್ಕೃತದ ವಿನ್ಯಾಸಗಳೂ ಇವೆ. ಅನುವಾದದ ನಡುವೆ ನಾಗರಿಯಲ್ಲಿ ಶ್ಲೋಕವೊಂದನ್ನು ಇದೇ ಬೆರಳುಗಳಿಂದ ಬರೆದ ದಿನ ನನಗೆ ಹೆಮ್ಮೆಯಾಯಿತು.

ಇನ್ನು ಸಂಕಟದ ಮಾತು. ನಾಲ್ಕು ವರ್ಷಗಳ ಹಿಂದೆ ಪ್ರಕಾಶಕರೊಬ್ಬರು ಹಳೆಯ ಪುಸ್ತಕವೊಂದನ್ನು ಮರುಮುದ್ರಣಕ್ಕೆ ಕಳುಹಿಸಿದರು. ಅದನ್ನು ಟೈಪ್ ಮಾಡಿದ್ದವನು ನಾನೇ. ಇದೇ ಬೆರಳು, ಇದೇ ಎಫ್. ಕಡತ ತೆರೆದರೆ ರೋಮನ್ ಅಕ್ಷರಗಳ ರಾಶಿ! ಆಗಿನ ಫಾಂಟ್‌ಗಳಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಕೂರಿಸಿದ್ದರು. ಆ ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಹಳೆಯ ಫಾಂಟ್‌ನ ಕಡತವನ್ನು ಈಗಿನ ರೂಪಕ್ಕೆ ಬದಲಿಸುವ ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟೆ. ಅರ್ಕಾವೊತ್ತುಗಳೆಲ್ಲ ದಾರಿ ತಪ್ಪಿದವು. ‘ಕರ್ನಾಟಕ’ ಎಂಬಲ್ಲಿ ‘ಕನಾ೯ಟಕ’ ಬಂದಿತ್ತು, ರಕಾರದ ಜಾಗದಲ್ಲಿ ಒಂಬತ್ತರ ಅಂಕಿ! ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣಿಸುವುದಿಲ್ಲ, ಆದರೆ ಹುಡುಕಿದರೆ ಪದ ಸಿಗುವುದಿಲ್ಲ. 140 ಪುಟಗಳನ್ನು ತಿದ್ದುವುದಕ್ಕಿಂತ ಮತ್ತೆ ಟೈಪಿಸುವುದೇ ಸುಲಭವೆನಿಸಿ ಹಾಗೇ ಮಾಡಿದೆ. ಹನ್ನೊಂದು ದಿನ ಹಿಡಿಯಿತು.

ಇದು ಕೀಲಿಮಣೆಯ ತಪ್ಪಲ್ಲ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಮನೆಯಿದೆ. ‘ಸ್ವಾತಂತ್ರ್ಯ’ಕ್ಕೆ ಬೆರಳು ಹನ್ನೊಂದು ಸಲ ಹೊಡೆದರೆ, ಯುನಿಕೋಡ್ ಕಡತದ ಒಳಗೂ ಹನ್ನೊಂದು ಸಂಕೇತಗಳು ಅದೇ ಕ್ರಮದಲ್ಲಿ ಉಳಿಯುತ್ತವೆ. ಇಂಥ ಹೊಂದಾಣಿಕೆ ಕೈಯಲ್ಲೇ ಇರುವಾಗ, ಇಂದಿಗೂ ಹಳೆಯ ಫಾಂಟ್‌ನಲ್ಲೇ ಕಡತ ಕೇಳುವ ಮುದ್ರಣಾಲಯಗಳಿವೆ, ಕಚೇರಿಗಳಿವೆ. ನನಗೆ ಕೋಪ ಬರುವುದು ಇಲ್ಲಿ. ದೃಷ್ಟಿಹೀನರ ಪರದೆ ಓದುವ ತಂತ್ರಾಂಶಕ್ಕೆ ಆ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ತನ್ನ ಹಕ್ಕಿನ ಸುತ್ತೋಲೆಯನ್ನು ತಾನೇ ಓದಿಕೊಳ್ಳಲಾಗದ ಓದುಗನ ಸ್ಥಿತಿಯನ್ನು ಯೋಚಿಸಿ. ಸಾರ್ವಜನಿಕ ಹಣದಿಂದ ಸಿದ್ಧವಾಗುವ ಪ್ರತಿ ಕನ್ನಡ ಕಡತವೂ ಯುನಿಕೋಡ್‌ನಲ್ಲಿ ಇಲ್ಲದಿದ್ದರೆ ಬಿಲ್ ಪಾವತಿಸಬಾರದು ಎಂಬ ಷರತ್ತು ಟೆಂಡರಿನಲ್ಲೇ ಇರಬೇಕು. ನಾನಂತೂ ಆ ಹನ್ನೊಂದು ದಿನಗಳ ನಂತರ ಹಳೆಯ ಫಾಂಟ್‌ನ ಕೆಲಸ ಒಪ್ಪಿಕೊಂಡಿಲ್ಲ. ಎರಡು ಕಡೆಯ ಕೆಲಸ ಕೈಬಿಟ್ಟಿತು, ಬಿಡಲಿ.

ವಿನ್ಯಾಸದ ಕೊರತೆಗಳನ್ನೂ ಹೇಳಬೇಕು. ‘ಟ’ ಕ್ಯೂನಲ್ಲಿ, ‘ಡ’ ಡಬ್ಲ್ಯೂನಲ್ಲಿ, ‘ಷ’ ಎಕ್ಸ್‌ನಲ್ಲಿ ಇರುವುದು ಹೊಸಬರನ್ನು ಎರಡು ವಾರ ಕಾಡುತ್ತದೆ. ‘ರ‍್ಯಾಂಕ್’ ಎಂದು ಸರಿಯಾಗಿ ಮೂಡಿಸಲು ಕಣ್ಣಿಗೆ ಕಾಣದ ಜೋಡಕವೊಂದನ್ನು ನಡುವೆ ಸೇರಿಸಬೇಕು. ಅದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು. ಮೊಬೈಲಿನಲ್ಲಿ ಇದನ್ನು ಬಳಸುವುದನ್ನು ಬಿಟ್ಟಿದ್ದೇನೆ. ಮಹಾಪ್ರಾಣಕ್ಕೆಲ್ಲ ಶಿಫ್ಟ್ ಒತ್ತುವುದು ಹೆಬ್ಬೆರಳಿಗೆ ಹಿಂಸೆ, ಅದಕ್ಕಿಂತ ಹೆಚ್ಚಾಗಿ ಗಾಜಿನ ಮೇಲೆ ಆ ಉಬ್ಬುಗೆರೆ ಸಿಗುವುದಿಲ್ಲ.