ನಾಲ್ಕು ಮಳೆಗಾಲ ಬಳಸಿ ನೋಡಿದ ಸಿಲ್ಕ್-ಸ್ಟೀಲ್ ಗಿಟಾರ್ ತಂತಿ: ಗೆಣ್ಣು ನೋಯುವ ಕೈಗೆ ಎಷ್ಟು ಹಗುರ?

ಸಾಮಾನು: ಡಿ'ಆಡಾರಿಯೊ ಇಜೆ40, ಸಿಲ್ಕ್ ಅಂಡ್ ಸ್ಟೀಲ್, 11–47 (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ). ಕೂಡಿಸಿದ್ದು 25.4 ಇಂಚು ಸ್ಕೇಲಿನ (ಮಿಡಿಯುವ ತಂತಿಯ ಉದ್ದ ಅಷ್ಟಿರುವ) ದೊಡ್ಡ ಒಡಲಿನ ಡ್ರೆಡ್‌ನಾಟ್ ಗಿಟಾರಿಗೆ. ಊರು ಬೆಳಗಾವಿ. ಬಳಸಿದವರ ವಯಸ್ಸು ಐವತ್ತೈದರ ಮೇಲೆ. ಎಡ ಹೆಬ್ಬೆರಳಿನ ಬುಡದಲ್ಲಿ ಬ್ಯಾನಿ, ತೋರುಬೆರಳ ತುದಿಯ ಗೆಣ್ಣಿನಲ್ಲಿ ಬಾವು. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ತಂತಿ ಒಳ್ಳೆಯದು, ಇಂಥ ಕೈಯವರು ಕೊಳ್ಳಲೇಬೇಕಾದದ್ದು. ಆದರೆ ನಟ್ಟಿನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಕಚ್ಚು ಸರಿಮಾಡಿಸದೆ ಬರೀ ತಂತಿ ಬದಲಿಸಿದರೆ ಕೊಟ್ಟ ರೊಕ್ಕಕ್ಕೆ ಅರ್ಧ ಸುಖವೂ ದಕ್ಕುವುದಿಲ್ಲ.

ಮೊದಲು ಲೆಕ್ಕ. ಹೆಚ್ಚಿನ ಅಕೌಸ್ಟಿಕ್ ಗಿಟಾರುಗಳು 12–53 ತಂತಿ ಹೊತ್ತು ಅಂಗಡಿಗೆ ಬರುತ್ತವೆ. ಆರೂ ತಂತಿಗಳ ಎಳೆತ ಕೂಡಿಸಿದರೆ ಸುಮಾರು 74 ಕಿಲೋ. ಅದರಲ್ಲಿ ಮೊದಲನೆಯ ಇ ತಂತಿಯದು 10.6 ಕಿಲೋ, ಅದೇ ತಂತಿ 11ರದ್ದಾದರೆ 8.9. ಇಡೀ ಗಿಟಾರನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿದರೆ ಎಳೆತ ಇನ್ನೂ ಶೇ. 11ರಷ್ಟು ತಗ್ಗಿ 7.9ಕ್ಕೆ ಬರುತ್ತದೆ. ಅಂದರೆ ಒಟ್ಟು ಕಾಲುಭಾಗ ಹಗುರ. ಸುತ್ತು ತಂತಿಗಳಲ್ಲಿ ಉಕ್ಕಿನ ಎಳೆಯ ಮೇಲೆ ರೇಷ್ಮೆಯಂಥ ಮೆದು ನೂಲು ಹಾಸಿ, ಅದರ ಮೇಲೆ ಬೆಳ್ಳಿ ಲೇಪದ ತಾಮ್ರ ಸುತ್ತಿರುತ್ತಾರೆ. ಬೆರಳ ತುದಿಗೆ ಕಂಚಿನ ತಂತಿಯ ಗರಗಸದಂಥ ಒರಟು ತಾಗುವುದಿಲ್ಲ. ಇದನ್ನು ಅಂಕಿಯಲ್ಲಿ ಹೇಳಲಾಗದು, ಆದರೆ ಅರ್ಧ ಗಂಟೆ ನುಡಿಸಿದ ಮೇಲೆ ಕೈಗೆ ಗೊತ್ತಾಗುತ್ತದೆ.

ಇನ್ನು ನಟ್. ಈ ವಿಮರ್ಶೆಯಲ್ಲಿ ಒಂದೇ ಭಾಗ ಓದುವುದಿದ್ದರೆ ಇದನ್ನು ಓದಿ. ಮೊದಲ ಫ್ರೆಟ್ಟಿಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಕೇಪೋ, ಅಂದರೆ ಎಲ್ಲ ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ ಸಿ, ಎ ಮೈನರ್ ಕಾರ್ಡ್ ಹಿಡಿದು ನೋಡಿ. ಕೇಪೋ ಇದ್ದಾಗ ಕೈಗೆ ಎದ್ದು ಕಾಣುವಷ್ಟು ಹಗುರವೆನಿಸಿದರೆ ನಟ್ಟಿನ ಕಚ್ಚುಗಳು ಆಳ ಸಾಲದೆ ತಂತಿ ಎತ್ತರದಲ್ಲಿ ನಿಂತಿದೆ ಎಂದೇ ಅರ್ಥ. ಖಾತ್ರಿ ಮಾಡಿಕೊಳ್ಳಲು ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ, ಮೊದಲ ಫ್ರೆಟ್ಟಿನ ಮೇಲೆ ಉಳಿಯುವ ಸಂದಿ ನೋಡಿ. ಜೆರಾಕ್ಸ್ ಕಾಗದದ ಒಂದು ಹಾಳೆ, ಅಂದರೆ ಸುಮಾರು 0.1 ಮಿ.ಮೀ., ತೂರಿದರೆ ಸಾಕು. ಅಗ್ಗದ ಗಿಟಾರುಗಳಲ್ಲಿ ಇಲ್ಲಿ ನಾಲ್ಕೈದು ಹಾಳೆ ಸಲೀಸಾಗಿ ತೂರುತ್ತವೆ. ಹೊಸದಾಗಿ ಕಲಿಯುವವರಿಗೆ ಕೊಡುವ ಕಾರ್ಡುಗಳೆಲ್ಲ ಮೊದಲ ಮೂರು ಫ್ರೆಟ್ಟಿನಲ್ಲೇ ಇರುವುದರಿಂದ ಹೆಬ್ಬೆರಳ ಬುಡ ದಣಿಯುವುದು ಇಲ್ಲೇ. ಈ ಎತ್ತರವನ್ನು ಯಾವ ಹಗುರ ತಂತಿಯೂ ಮುಚ್ಚಿಹಾಕುವುದಿಲ್ಲ.

ನಟ್ ಫೈಲುಗಳ ಸೆಟ್ ತುಟ್ಟಿ. ಉದ್ಯಮಬಾಗದ ಕಡೆಯ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಗ್ಯಾಸ್ ನಾಜಲ್ ಚೊಕ್ಕ ಮಾಡುವ ಟಿಪ್ ಕ್ಲೀನರ್ ಕೇಳಿ. ಬೇರೆ ಬೇರೆ ದಪ್ಪದ ಹಲ್ಲಿನ ಕಡ್ಡಿಗಳ ಆ ಕಟ್ಟು ಕೆಲಸಕ್ಕೆ ಬರುತ್ತದೆ. ಸಂದಿ ಅಳೆಯುವ ಫೀಲರ್ ಗೇಜ್ ಮೋಟಾರ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಕಡ್ಡಿ ತಂತಿಗಿಂತ ಕೂದಲೆಳೆ ದಪ್ಪವಿರಲಿ. ಕಚ್ಚು ಬಿಗಿಯಾದರೆ ಶ್ರುತಿ ಏರಿಸುವಾಗ ಟಿಣ್ ಎಂದು ಸದ್ದಾಗಿ ಸ್ವರ ಜಿಗಿಯುತ್ತದೆ. ಗಿಟಾರಿನ ತಲೆಯ ಕಡೆಗೆ ಇಳಿಜಾರಾಗಿ ಉಜ್ಜಿ, ಎರಡು ಮೂರು ಎಳೆತಕ್ಕೊಮ್ಮೆ ತಂತಿ ಕೂರಿಸಿ ನೋಡಿ. ಹೆಚ್ಚು ಕೊರೆದರೆ ಬಿಟ್ಟ ತಂತಿ ಮೊದಲ ಫ್ರೆಟ್ಟಿಗೆ ತಾಗಿ ಜರ್ರೆನ್ನುತ್ತದೆ. (ತಂಬೂರಿಗೆ ಜವಾರಿಯ ಝೇಂಕಾರವೇ ಜೀವ, ಗಿಟಾರಿಗೆ ಅದೇ ದೋಷ.) ಆಗ ಕಚ್ಚಿಗೆ ಚೂರು ಅಡಿಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟು, ಗಟ್ಟಿಯಾದ ಮೇಲೆ ಹೊಳ್ಳಿ ಕೊರೆಯಬಹುದು. ಅದು ತಾತ್ಕಾಲಿಕ, ಶಾಶ್ವತಕ್ಕೆ ಹೊಸ ಎಲುಬಿನ ನಟ್ಟೇ ಬೇಕು.

ಆದರೆ ನಟ್ ಮುಟ್ಟುವ ಮೊದಲು ಕತ್ತು ನೋಡಬೇಕು. ಹಗುರ ತಂತಿ ಕೂಡಿಸಿದಾಗ ಎಳೆತ ತಗ್ಗಿ ಕತ್ತು ಹಿಂದಕ್ಕೆ ನೆಟ್ಟಗಾಗುತ್ತದೆ. ಎರಡನೇ ಮೂರನೇ ಫ್ರೆಟ್ಟಿನಲ್ಲಿ ಹೊಸದಾಗಿ ಜರ್ರೆಂಬ ಸದ್ದು ಬರುವುದು ಇದರಿಂದ. ತಂತಿಯದೇ ದೋಷವೆಂದು ಬಹಳ ಮಂದಿ ಬಿಚ್ಚಿ ಹಾಕಿಬಿಡುತ್ತಾರೆ. ಒಂದು ದಿನ ಬಿಡಿ. ಆಮೇಲೆ ಮೊದಲ ಫ್ರೆಟ್ಟಿಗೆ ಕೇಪೋ ಹಾಕಿ, ಆರನೇ ತಂತಿಯನ್ನು 14ನೇ ಫ್ರೆಟ್ಟಿನಲ್ಲಿ ಒತ್ತಿ, ಏಳನೇ ಫ್ರೆಟ್ಟಿನ ಮೇಲಿನ ಸಂದಿ ಅಳೆಯಿರಿ. 0.15ರಿಂದ 0.25 ಮಿ.ಮೀ. ಇದ್ದರೆ ಸರಿ. ಅದಕ್ಕಿಂತ ಕಡಿಮೆಯಿದ್ದರೆ ಟ್ರಸ್ ರಾಡನ್ನು (ಕತ್ತಿನ ಬಾಗು ಸರಿಪಡಿಸುವ ಒಳಗಿನ ಸರಳನ್ನು) ಕಾಲು ಸುತ್ತು ಎಡಕ್ಕೆ ಸಡಿಲಿಸಿ, ಶ್ರುತಿ ಮಾಡಿ, ಹೊಳ್ಳಿ ಅಳೆಯಿರಿ. ಒಮ್ಮೆಲೇ ಅರ್ಧ ಸುತ್ತು ಬೇಡ.

ಕೊನೆಗೆ ಸ್ಯಾಡಲ್, ಅಂದರೆ ಗಿಟಾರಿನ ಒಡಲಿನ ಮೇಲೆ ತಂತಿ ಕೂರುವ ಪಟ್ಟಿ. 12ನೇ ಫ್ರೆಟ್ಟಿನಲ್ಲಿ ಆರನೇ ತಂತಿ 2.3, ಒಂದನೇ ತಂತಿ 1.7 ಮಿ.ಮೀ. ಎತ್ತರವಿದ್ದರೆ ಮೆದುವಾಗಿ ನುಡಿಸುವವರಿಗೆ ಸಾಕು. ಅಲ್ಲಿ ಎಷ್ಟು ಇಳಿಯಬೇಕೋ ಅದರ ಎರಡರಷ್ಟು ಸ್ಯಾಡಲಿನ ಬುಡದಿಂದ ಉಜ್ಜಬೇಕು: 0.7 ಇಳಿಸಲು 1.4. ಗಾಜಿನ ಮೇಲೆ 220 ನಂಬರಿನ ಉಜ್ಜುಕಾಗದ ಹಾಸಿ, ಬುಡ ಚಚ್ಚೌಕವಾಗಿ ಉಳಿಯುವಂತೆ ಉಜ್ಜಿ. ಬುಡ ಓರೆಯಾದರೆ, ಕೆಳಗೆ ಸದ್ದನ್ನು ಆಂಪ್ಲಿಫಯರಿಗೆ ಕಳಿಸುವ ಪಿಕಪ್ ಪಟ್ಟಿ ಇರುವ ಗಿಟಾರುಗಳಲ್ಲಿ ಒಂದೆರಡು ತಂತಿ ಮೂಕವಾಗುತ್ತವೆ.

ಇನ್ನು ನಾದ. ಹಗುರಕ್ಕೆ ತೆರಬೇಕಾದ ಬೆಲೆ ಇಲ್ಲಿದೆ. ಬೆರಳಲ್ಲಿ ಮೀಟಿದರೆ ದುಂಡಗೆ, ಸಿಹಿಯಾಗಿ ಕೇಳುತ್ತದೆ. ಪಿಕ್ ಹಿಡಿದು ಜೋರಾಗಿ ಬಡಿದರೆ ಚಪ್ಪಟೆ. ಹಾರ್ಮೋನಿಯಂ, ತಬಲಾ, ತಾಳ ಕೂಡಿದ ಭಜನೆಯಲ್ಲಿ ಮೈಕಿಲ್ಲದೆ ಕೇಳಿಸುವುದೇ ಇಲ್ಲ. ಬಾಳಿಕೆಯೂ ಕಡಿಮೆ. ಮೊದಲು ಸೋಲುವುದು ನಾಲ್ಕನೇ ಡಿ ತಂತಿ, ಅದೂ ಎರಡನೇ ಫ್ರೆಟ್ಟಿನ ಮೇಲೆ: ಇ, ಎ ಮೈನರ್, ಎ, ಸಿ ಎಲ್ಲಕ್ಕೂ ಆ ತಂತಿಯ ಮೇಲೆ ಅಲ್ಲೇ ಬೆರಳು, ಒಳಗಿನ ನೂಲು ಮೆದು, ಹಾಗಾಗಿ ತಾಮ್ರದ ಸುತ್ತು ಫ್ರೆಟ್ಟಿಗೆ ಸಿಕ್ಕು ಚಪ್ಪಟೆಯಾಗಿ ಬಿಚ್ಚುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ ನುಡಿಸಿದರೆ ಬೇಸಿಗೆಯಲ್ಲಿ ಮೂರು ತಿಂಗಳು, ಬೆಳಗಾವಿಯ ಜಡಿಮಳೆಯಲ್ಲಿ ಏಳೆಂಟು ವಾರ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಅಡಿಗೂ ಒರೆಸಿದರೆ ಒಂದೆರಡು ವಾರ ಹೆಚ್ಚು.

ಮಳೆಗಾಲದಲ್ಲಿ ಪ್ಲೈವುಡ್ ಅಲ್ಲದ ಇಡೀ ಮರದ ಮುಂಭಾಗ ತೇವ ಹೀರಿ ಉಬ್ಬುತ್ತದೆ, ತಂತಿ ಎತ್ತರವಾಗುತ್ತದೆ. ಜುಲೈ ತಿಂಗಳಲ್ಲಿ ಕೈನೋವು ಹೆಚ್ಚಾಯಿತೆಂದು ಹಳಹಳಿಸುವ ಮೊದಲು 12ನೇ ಫ್ರೆಟ್ಟಿನ ಎತ್ತರ ಅಳೆಯಿರಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಇದರ ಉಲ್ಟಾ: ಮರ ಒಣಗಿ ಕುಗ್ಗಿ, ಫ್ರೆಟ್ಟಿನ ತುದಿಗಳು ಅಂಚಿನಿಂದ ಹೊರಬಂದು ಅಂಗೈ ಗೀರುತ್ತವೆ. ಅಲ್ಲಿಯವರು ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜ್ ಇಟ್ಟು ಪೆಟ್ಟಿಗೆಯೊಳಗೆ ಹಾಕಿ. ಇಲ್ಲಿಯವರು ಮಳೆಗಾಲಕ್ಕೆ ಸಿಲಿಕಾ ಜೆಲ್. ಪೆಟ್ಟಿಗೆಯ ಒಳಗಿನ ತೇವ ಶೇ. 45–55ರಲ್ಲಿ ನಿಂತರೆ ಸ್ಯಾಡಲ್ ಮತ್ತೆ ಮತ್ತೆ ಮುಟ್ಟಬೇಕಿಲ್ಲ.

ಅರ್ಧ ಸ್ವರ ಇಳಿಸಿದರೆ ಹಾರ್ಮೋನಿಯಂ ಜತೆ ಹೇಗೆ? ಸುಲಭ. ಇಳಿಸಿದ ಗಿಟಾರಿನಲ್ಲಿ ಸಿ ಆಕಾರ ಹಿಡಿದರೆ ಬಿ ಕೇಳುತ್ತದೆ. ಎರಡನೇ ಫ್ರೆಟ್ಟಿಗೆ ಕೇಪೋ ಹಾಕಿದರೆ ನೇರ ಕರಿ ಒಂದಕ್ಕೆ (ಸಿ ಶಾರ್ಪ್) ಬಂದು ಕೂರುತ್ತದೆ. ಮೇಲೆ ಹೋದಂತೆ ಫ್ರೆಟ್ಟುಗಳ ಅಂತರವೂ ಕಿರಿದಾಗುವುದರಿಂದ ಬೆರಳು ಅಗಲಿಸುವ ಕಷ್ಟ ತಪ್ಪುತ್ತದೆ. ಆದರೆ ಸ್ಪ್ರಿಂಗ್ ಕೇಪೋ ಬೇಡವೇ ಬೇಡ. ಅದನ್ನು ಹಿಚುಕಿ ತೆರೆಯುವ ಜೋರೇ ಹೆಬ್ಬೆರಳಿನ ಬುಡಕ್ಕೆ ಶತ್ರು. ತಿರುಪಿನದು ಅಥವಾ ಲಿವರಿನದು ಕೊಳ್ಳಿ.

ಕೈಯ ರೂಢಿಯನ್ನೂ ತಿದ್ದಬೇಕು. ಬೆರಳು ಫ್ರೆಟ್ಟಿನ ಬೆನ್ನಿಗೇ ಇರಲಿ. ನಡುವೆ ಒತ್ತಿದರೆ ಅದೇ ಸ್ವರಕ್ಕೆ ಹೆಚ್ಚು ಬಲ ಬೇಕು. ತಂತಿಯನ್ನು ಬರೀ ಮುಟ್ಟಿ ಮೀಟುತ್ತ ನಿಧಾನ ಒತ್ತಿ, ಸ್ವರ ಸ್ವಚ್ಛವಾದ ಕ್ಷಣದಲ್ಲಿ ನಿಲ್ಲಿಸಿ. ಬೇಕಾದ ಬಲ ಅಷ್ಟೇ. ಹೆಚ್ಚಿನವರು ಅದಕ್ಕಿಂತ ಬಹಳ ಹಿಚುಕುತ್ತಾರೆ. ಒಂದೇ ಬೆರಳು ಅಡ್ಡ ಮಲಗಿಸಿ ಹಲವು ತಂತಿ ಒತ್ತುವ ಬಾರ್ ಕಾರ್ಡ್ ಕೈಬಿಡಲು ಸಂಕೋಚ ಬೇಡ. ಆರನೇ ತಂತಿಯಿಂದ ಒಂದರ ಕಡೆಗೆ ಎಣಿಸಿದರೆ, ಎಫ್ ಬದಲು ಎಕ್ಸ್-ಎಕ್ಸ್-3-2-1-0 (ಅಂಕಿ ಫ್ರೆಟ್ಟಿನದು, 0 ಬಿಟ್ಟ ತಂತಿ, ಎಕ್ಸ್ ಮೀಟದ ತಂತಿ). ಬಿ ಮೈನರ್ ಬದಲು ಎಕ್ಸ್-2-0-2-0-2. ಎರಡೂ ಏಳನೇ ಸ್ವರ ಕೂಡಿದ ಕಾರ್ಡುಗಳು, ಹಾಡಿನ ಹಿಂದೆ ಚೆಂದವೇ ಕೇಳುತ್ತವೆ. ಜಾಜ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ 1928ರ ಬೆಂಕಿಯಲ್ಲಿ ಕೈ ಸುಟ್ಟುಕೊಂಡ ಮೇಲೆ ಮುಖ್ಯವಾಗಿ ಎರಡೇ ಬೆರಳಲ್ಲಿ ಸ್ವರಸಾಲು ನುಡಿಸಿದವನು. ಬೆರಳಿನ ಎಣಿಕೆಯಲ್ಲಿ ಸಂಗೀತವಿಲ್ಲ. ಬಲಗೈಗೆ ತೆಳು ಸಣ್ಣ ಪಿಕ್ಕಿಗಿಂತ ದೊಡ್ಡ ತ್ರಿಕೋನದ, ಹಿಡಿಯುವ ಕಡೆ ಒರಟಿರುವ ಪಿಕ್ ಲೇಸು. ಹೆಬ್ಬೆರಳಿಗೆ ತೊಡುವ ಥಂಬ್ ಪಿಕ್ ಇನ್ನೂ ಲೇಸು, ಹಿಚುಕುವುದೇ ಬೇಕಿಲ್ಲ. ಡಿಸೆಂಬರಿನ ಥಂಡಿ ಬೆಳಗಿನಲ್ಲಿ ಐದು ನಿಮಿಷ ಬಿಸಿನೀರಲ್ಲಿ ಕೈ ಅದ್ದಿ, ಒರೆಸಿ, ಆಮೇಲೆ ಗಿಟಾರ್. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು.

ಸಾಮಾನಿನಿಂದ ಬಗೆಹರಿಯದ ನೋವೂ ಉಂಟು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನ ನರ ಒತ್ತಿರಬಹುದು. ಬೆರಳು ಮಡಚಿದಲ್ಲೇ ಸಿಕ್ಕು ಟಕ್ಕೆಂದು ಬಿಚ್ಚಿದರೆ ಅದು ಸ್ನಾಯುರಜ್ಜಿನ ತೊಂದರೆ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಬೆಳಗ್ಗೆ ಗೆಣ್ಣುಗಳ ಬಿಗಿತ ಒಂದು ಗಂಟೆಯಾದರೂ ಬಿಡದಿದ್ದರೆ ಸಂಧಿವಾತದ ವೈದ್ಯರನ್ನು ಕಾಣಿ. ಈ ಮೂರಕ್ಕೂ ತಂತಿ ಬದಲಿಸುತ್ತ ತಿಂಗಳು ಕಳೆಯಬೇಡಿ.

ಎಡಗೈ ಒತ್ತಲು ಒಲ್ಲೆನೆಂದರೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ಬಾರ್ ಜಾರಿಸುವ ದಾರಿ ಇದೆ. ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರ ಕೈಯಲ್ಲಿ ಹಿಂದೂಸ್ತಾನಿ ರಾಗಗಳು ಹಾಗೇ ಹರಿದಿವೆ, ಈ ಸೀಮೆಯ ಕಿವಿಗೆ ಅದು ಪರಕೀಯವಲ್ಲ. ನಟ್ಟಿನ ಮೇಲೆ ಎತ್ತರದ ಲೋಹದ ಎಕ್ಸ್‌ಟೆಂಡರ್ ಕೂರಿಸಿ, ಡಿ-ಎ-ಡಿ-ಎಫ್ ಶಾರ್ಪ್-ಎ-ಡಿಗೆ ಶ್ರುತಿ ಇಳಿಸಿ. ಅದಕ್ಕೆ ಮಾತ್ರ ಈ ಸಿಲ್ಕ್-ಸ್ಟೀಲ್ ತಂತಿ ನಡೆಯುವುದಿಲ್ಲ: ಬಾರಿನ ಭಾರಕ್ಕೆ ಬಾಗಿ ಸ್ವರ ಜಾರುತ್ತದೆ. ಬಿಚ್ಚಿಟ್ಟ ಹಳೆಯ 12–53 ಸೆಟ್ ಎಸೆಯದೆ ಇಟ್ಟುಕೊಂಡಿದ್ದರೆ ಅದನ್ನೇ ಕೂಡಿಸಿ.