ಪ್ಲೇಟಿಂಗ್ ಟ್ಯಾಂಕಿನಲ್ಲಿ ಟೈಟಾನಿಯಂ: ಎಲ್ಲಿ ಗೆದ್ದಿತು, ಎಲ್ಲಿ ಬೇಡವಾಯಿತು

ನಮ್ಮದು ಪೀಣ್ಯದಲ್ಲಿರುವ ಸಣ್ಣ ಪ್ಲೇಟಿಂಗ್ ಶಾಪ್. ಒಂದು ಸಾಲಿನಲ್ಲಿ ನಿಕ್ಕಲ್, ಇನ್ನೊಂದು ಸಾಲಿನಲ್ಲಿ ಅಲ್ಯೂಮಿನಿಯಂ ಅನೊಡೈಸಿಂಗ್, ಅಂದರೆ ಕರೆಂಟ್ ಹಾಯಿಸಿ ಅಲ್ಯೂಮಿನಿಯಂ ಮೈಮೇಲೆ ಆಕ್ಸೈಡ್ ಪದರ ಬೆಳೆಸುವ ಕೆಲಸ. ಇಲ್ಲಿ ರಾಕೆಟ್ಟೂ ಇಲ್ಲ, ವಿಮಾನವೂ ಇಲ್ಲ. ಬಿಸಿ ಸಲ್ಯೂಷನ್ನಿನಲ್ಲಿ ಮುಳುಗಿ ಕೂರುವ ಹೀಟಿಂಗ್ ಕಾಯಿಲ್, ನಿಕ್ಕಲ್ ತುಂಬುವ ಆನೋಡ್ (ಕರೆಂಟಿನ ಪ್ಲಸ್ ತುದಿ) ಬ್ಯಾಸ್ಕೆಟ್, ಜಾಬ್ (ಕೆಲಸಕ್ಕೆ ಬಂದ ತುಂಡು) ಹಿಡಿಯುವ ಜಿಗ್. ಈ ಮೂರಕ್ಕೂ ಟೈಟಾನಿಯಂ ಹಾಕಿ ನೋಡಿದ್ದೇವೆ. ಅದರ ಎದುರಾಳಿಗಳನ್ನೂ ಹಾಕಿ ನೋಡಿದ್ದೇವೆ. ಕಾಯಿಲ್‌ನಲ್ಲಿ ಅದು ಸಲೀಸಾಗಿ ಗೆದ್ದಿತು. ಜಿಗ್‌ನಲ್ಲಿ ಅರ್ಧ ಗೆದ್ದಿತು. ಕೆಲವು ಟ್ಯಾಂಕುಗಳ ಹತ್ತಿರಕ್ಕೂ ಅದನ್ನು ಬಿಡಬಾರದು.

ನಾನು ಹೇಳುತ್ತಿರುವುದು ಸಿಪಿ ಟೈಟಾನಿಯಂ ಬಗ್ಗೆ. ಅಂದರೆ ಬೇರೆ ಲೋಹವನ್ನು ಬೇಕಂತಲೇ ಬೆರೆಸದೆ, ಶುದ್ಧ ಅಂತ ಮಾರುವ ಜಾತಿ. ಇದು ಭಯಂಕರ ಗಟ್ಟಿ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ನಾವು ಬಳಸುವ ಗ್ರೇಡ್ 2 ಎಳೆದಾಗ ತುಂಡಾಗುವ ಮಟ್ಟ ಕನಿಷ್ಠ 345 ಮೆಗಾಪಾಸ್ಕಲ್. 316ಎಲ್ ಸ್ಟೇನ್‌ಲೆಸ್‌ಗೆ ಅದು 485. ಶಾಶ್ವತವಾಗಿ ಬಾಗಲು ಶುರುವಾಗುವ ಮಟ್ಟದಲ್ಲಿ ಮಾತ್ರ ಟೈಟಾನಿಯಂ ಮುಂದೆ, 275ರ ಎದುರು 170. ಹೀಗಾಗಿ ಬರೀ ಶಕ್ತಿಗೋಸ್ಕರ ಇದಕ್ಕೆ ದುಡ್ಡು ಸುರಿಯುವುದು ದಂಡ. ನಾವು ದುಡ್ಡು ಕೊಡುವುದು ಅದರ ಮೇಲಿನ ಪೊರೆಗೆ. ಗಾಳಿ ಅಥವಾ ನೀರು ತಾಕಿದರೆ ಸಾಕು, ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಕಟ್ಟಿಕೊಳ್ಳುತ್ತದೆ. ಬಿಸಿ ಹಾಲಿನ ಕೆನೆ ತೆಗೆದರೂ ಮತ್ತೆ ಕಟ್ಟುವ ಹಾಗೆ, ಗೀರು ಬಿದ್ದ ಕಡೆ ಅದು ತಾನಾಗಿಯೇ ಮತ್ತೆ ಬರುತ್ತದೆ. ಆ ಪೊರೆ ಉಳಿಯುವ ಟ್ಯಾಂಕಿನಲ್ಲಿ ಟೈಟಾನಿಯಂ ರಾಜ. ಉಳಿಯದ ಕಡೆ ಕಬ್ಬಿಣಕ್ಕಿಂತ ದೊಡ್ಡದೇನಲ್ಲ.

ನಿಕ್ಕಲ್ ಟ್ಯಾಂಕಿನ ಕಾಯಿಲ್: 316ಎಲ್, ಟೆಫ್ಲಾನ್, ಟೈಟಾನಿಯಂ

ನಮ್ಮ ನಿಕ್ಕಲ್ ಬಾತ್, ಅಂದರೆ ಟ್ಯಾಂಕಿನಲ್ಲಿರುವ ಸಲ್ಯೂಷನ್, ಎಲ್ಲರ ಹತ್ತಿರ ಇರುವ ವಾಟ್ಸ್ ಬಾತ್. ಲೀಟರಿಗೆ ಸುಮಾರು 45 ಗ್ರಾಂ ನಿಕ್ಕಲ್ ಕ್ಲೋರೈಡ್, ಪಿಎಚ್ ನಾಲ್ಕರ ಆಸುಪಾಸು, 55ರಿಂದ 60 ಡಿಗ್ರಿ ಬಿಸಿ. ಲೆಕ್ಕ ಹಾಕಿದರೆ ಲೀಟರಿಗೆ 13 ಗ್ರಾಂನಷ್ಟು ಕ್ಲೋರೈಡ್ ಆಗುತ್ತದೆ. ಸಮುದ್ರದ ನೀರಿನಲ್ಲಿ ಸುಮಾರು 19 ಇರುತ್ತದೆ. ಅಂದರೆ ಸಮುದ್ರಕ್ಕಿಂತ ಸ್ವಲ್ಪ ಕಡಿಮೆ ಕ್ಲೋರೈಡ್, ಆದರೆ ಜೊತೆಗೆ ಆಮ್ಲ ಮತ್ತು ಬಿಸಿ. 316ಎಲ್‌ಗೆ ಇದು ಸರಿಯಾದ ಜಾಗವೇ ಅಲ್ಲ.

ಸ್ಟೇನ್‌ಲೆಸ್ ಕಾಯಿಲ್ ಇಡೀ ಮೈ ಸವೆದು ಹೋಗುವುದಿಲ್ಲ. ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಹೊರಗಿನಿಂದ ನೋಡಿದರೆ ಪೈಪು ಹೊಸದರಂತೆ ಹೊಳೆಯುತ್ತಾ ಇರುತ್ತದೆ. ಕಾಯಿಲ್ ಹೋದದ್ದು ದೊಡ್ಡ ನಷ್ಟ ಅಲ್ಲ. ಅದು ಕರಗುವಾಗ ಬಾತ್‌ಗೆ ಬಿಡುವ ಕಬ್ಬಿಣ ನಿಜವಾದ ತಲೆನೋವು. ಪ್ಲೇಟಿಂಗ್ ಒರಟಾಗುತ್ತದೆ, ಹೊಳಪು ಇಳಿಯುತ್ತದೆ, ಜಾಬ್ ಮೇಲೆ ಸಣ್ಣ ಸಣ್ಣ ಗುಳಿ ಕಾಣಿಸುತ್ತದೆ. ಪೆರಾಕ್ಸೈಡ್ ಹಾಕಿ, ಪಿಎಚ್ ಏರಿಸಿ, ಕೆಸರು ಸೋಸಿ ತೆಗೆಯುವಷ್ಟು ಹೊತ್ತು ಇಡೀ ಲೈನ್ ನಿಂತಿರುತ್ತದೆ. ಆ ನಷ್ಟವನ್ನೂ ಸೇರಿಸಿದರೆ ಅಗ್ಗದ ಕಾಯಿಲ್ ಅಗ್ಗ ಅಲ್ಲ, ಅಲ್ವಾ?

ಟೆಫ್ಲಾನ್ ಕಾಯಿಲ್ ಕೆಮಿಕಲ್‌ಗೆ ಜಗ್ಗುವುದೇ ಇಲ್ಲ. ಆದರೆ ಶಾಖ ದಾಟಿಸುವುದರಲ್ಲಿ ತುಂಬಾ ಸೋಮಾರಿ. ಅಷ್ಟೇ ಬಿಸಿಗೆ ಎಷ್ಟೋ ಜಾಸ್ತಿ ಉದ್ದದ ಕೊಳವೆ ಬೇಕು, ಅದು ಟ್ಯಾಂಕಿನಲ್ಲಿ ಜಾಗ ತಿನ್ನುತ್ತದೆ. ರ್‍ಯಾಕಿನಿಂದ ಜಾಬ್ ಕಳಚಿ ಬಿದ್ದರೆ ಮೆತ್ತನೆಯ ಕೊಳವೆ ಕತ್ತರಿಸಿ ಹೋಗುತ್ತದೆ. ನಮ್ಮ ಶಾಪಿನಲ್ಲಿ ಜಾಬ್ ಬೀಳುವುದು ಹೊಸ ವಿಷಯವಲ್ಲ.

ಟೈಟಾನಿಯಂ ಶಾಖ ಸರಿಯಾಗಿ ದಾಟಿಸಲ್ಲ ಅಂತ ಒಬ್ಬರು ನನಗೆ ಹೇಳಿದ್ದರು. ತಾಮ್ರದ ಪಕ್ಕ ಇಟ್ಟರೆ ನಿಜ. 316ಎಲ್ ಪಕ್ಕ ಇಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ, ಟೈಟಾನಿಯಂ ಸ್ವಲ್ಪ ಮುಂದೆಯೇ. ಸವೆಯುವುದಿಲ್ಲವಾದ್ದರಿಂದ ಸವೆತಕ್ಕೆ ಅಂತ ಹೆಚ್ಚುವರಿ ದಪ್ಪ ಬೇಡ, ತೆಳು ಗೋಡೆಯ ಪೈಪು ಹಾಕಬಹುದು. ನಮ್ಮ ಕಾಯಿಲ್ ಬಿಸಿ ಏರಿಸುವುದರಲ್ಲಿ ಹಳೆಯ ಸ್ಟೇನ್‌ಲೆಸ್‌ಗಿಂತ ಹಿಂದೆ ಬಿದ್ದಿಲ್ಲ. ಮೇಲಿನ ಕೆಸರು ಒರೆಸಿದರೆ ಅದೇ ಬೂದು ಬಣ್ಣದ ಪೈಪು.

ಬೆಲೆ ಕೇಳಿದಾಗ ಎಲ್ಲರೂ ಕಿಲೋ ಲೆಕ್ಕ ಹೇಳಿ ಹೆದರಿಸುತ್ತಾರೆ. ಕಿಲೋಗೆ ಸ್ಟೇನ್‌ಲೆಸ್‌ಗಿಂತ ಹಲವು ಪಟ್ಟು, ಸರಿ. ಆದರೆ ಪೈಪನ್ನು ಕೊಳ್ಳುವುದು ಉದ್ದಕ್ಕೆ, ತೂಕಕ್ಕಲ್ಲ. ಟೈಟಾನಿಯಂ ಸಾಂದ್ರತೆ 4.51, ಸ್ಟೇನ್‌ಲೆಸ್‌ನದು ಸುಮಾರು 8. ಒಂದೇ ಅಳತೆಯ ಪೈಪಾದರೆ ಕಿಲೋಗೆ ಮುಕ್ಕಾಲು ಪಾಲು ಜಾಸ್ತಿ ಉದ್ದ ಸಿಗುತ್ತದೆ. ಮೀಟರ್ ಲೆಕ್ಕದಲ್ಲಿ ಕೊಟೇಶನ್ ಕೇಳಿ.

ಕಾಯಿಲ್ ಹಾಕುವಾಗ ಸ್ಟೀಮ್ ಲೈನಿಗೂ ಕಾಯಿಲ್‌ಗೂ ನಡುವೆ ಕರೆಂಟ್ ಹಾಯದ ಜೋಡಣೆ ಬೇಕೇಬೇಕು. ಇಲ್ಲದಿದ್ದರೆ ರೆಕ್ಟಿಫೈಯರ್ (ಟ್ಯಾಂಕಿಗೆ ಡಿಸಿ ಕರೆಂಟ್ ಕೊಡುವ ಯಂತ್ರ) ಕರೆಂಟ್ ಸುಮ್ನೆ ಕಾಯಿಲ್ ಮೂಲಕ ದಾರಿ ಹುಡುಕುತ್ತದೆ. ಕಾಯಿಲ್ ಮೇಲೆಯೇ ನಿಕ್ಕಲ್ ಕೂರಲು ಶುರುವಾಗುತ್ತದೆ. ಹೈಡ್ರೋಜನ್ ಎದ್ದು ಲೋಹದೊಳಗೆ ಸೇರಿದರೆ ಟೈಟಾನಿಯಂ ಪೆಡಸಾಗುತ್ತದೆ. ಆನೋಡಿಗೆ ತೀರ ಹತ್ತಿರವೂ ಇಡಬೇಡಿ.

ಬ್ಯಾಸ್ಕೆಟ್ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಸ್ಟೇನ್‌ಲೆಸ್ ಬ್ಯಾಸ್ಕೆಟ್ ನಿಕ್ಕಲ್ ಜೊತೆ ತಾನೂ ಕರಗುತ್ತದೆ, ಅದು ಸ್ಪರ್ಧೆಯಲ್ಲೇ ಇಲ್ಲ. ಉದ್ದದ ನಿಕ್ಕಲ್ ಪಟ್ಟಿಗಳನ್ನು ಹುಕ್ಕಿಗೆ ನೇತುಹಾಕಿದರೆ ಕೊನೆಯ ತುಂಡು ಸ್ಕ್ರ್ಯಾಪ್‌ಗೆ ಹೋಗುತ್ತದೆ. ಟೈಟಾನಿಯಂ ಬ್ಯಾಸ್ಕೆಟ್ಟಿನಲ್ಲಿ ನಿಕ್ಕಲ್ ತುಂಡುಗಳನ್ನು ಸುರಿದರೆ ಪೂರ್ತಿ ಕರಗುತ್ತವೆ. ಪೊರೆ ಇರುವುದರಿಂದ ಕರೆಂಟ್ ಬ್ಯಾಸ್ಕೆಟ್ಟಿನಿಂದ ನೇರವಾಗಿ ಸಲ್ಯೂಷನ್ನಿಗೆ ಇಳಿಯುವುದಿಲ್ಲ, ಒತ್ತಿಕೊಂಡಿರುವ ನಿಕ್ಕಲ್ ಮೂಲಕವೇ ಇಳಿಯುತ್ತದೆ. ಬ್ಯಾಸ್ಕೆಟ್ ಸದಾ ತುಂಬಿರಬೇಕು, ಅಷ್ಟೇ. ಖಾಲಿ ಬಿಟ್ಟು ವೋಲ್ಟೇಜ್ ಏರಿಸಿದರೆ ಆ ಭಾಗ ಹಾಳಾಗುತ್ತದೆ.

ಅನೊಡೈಸಿಂಗ್ ಜಿಗ್: ಇಲ್ಲಿ ಜಗಳ ಜೋರು

ಅನೊಡೈಸಿಂಗ್‌ನಲ್ಲಿ ಲೀಟರಿಗೆ 165ರಿಂದ 200 ಗ್ರಾಂ ಸಲ್ಫ್ಯೂರಿಕ್ ಆಮ್ಲ, 20 ಡಿಗ್ರಿ ಆಸುಪಾಸು, 12ರಿಂದ 18 ವೋಲ್ಟ್. ಜಿಗ್ ಕೆಲಸ ಎರಡು: ಜಾಬನ್ನು ಬಿಗಿಯಾಗಿ ಹಿಡಿಯಬೇಕು, ಕರೆಂಟ್ ದಾಟಿಸಬೇಕು.

ಅಲ್ಯೂಮಿನಿಯಂ ಜಿಗ್ ಕರೆಂಟ್ ದಾಟಿಸುವುದರಲ್ಲಿ ಎತ್ತಿದ ಕೈ. ಆದರೆ ಜಾಬ್ ಜೊತೆ ತಾನೂ ಅನೊಡೈಸ್ ಆಗುತ್ತದೆ. ಆ ಪದರ ಕರೆಂಟ್ ಬಿಡುವುದಿಲ್ಲ. ಮುಂದಿನ ಬ್ಯಾಚ್‌ಗೆ ಮೊದಲು ಕಾಸ್ಟಿಕ್ ಸೋಡಾದಲ್ಲಿ ಸ್ಟ್ರಿಪ್ ಮಾಡಬೇಕು, ಅಂದರೆ ಆ ಪದರ ಕರಗಿಸಿ ತೆಗೆಯಬೇಕು. ಪ್ರತಿ ಸ್ಟ್ರಿಪ್ಪಿಂಗ್‌ಗೂ ಜಿಗ್ ಸ್ವಲ್ಪ ಸಣ್ಣಗಾಗುತ್ತದೆ. ಹಿಡಿತ ಸಡಿಲವಾದರೆ ಜಾಬ್ ಮಧ್ಯದಲ್ಲೇ ಅಲುಗುತ್ತದೆ, ಅಲ್ಲಿಗೆ ಆ ತುಂಡು ರಿಜೆಕ್ಟ್. ಜಿಗ್ ಕೊಳ್ಳುವುದು, ಸ್ಟ್ರಿಪ್ ಮಾಡುವುದು, ಎಸೆಯುವುದು, ಮತ್ತೆ ಕೊಳ್ಳುವುದು. ಕಾಸ್ಟಿಕ್ ಖರ್ಚು ಬೇರೆ, ಅದನ್ನು ಇಟಿಪಿಯಲ್ಲಿ (ಕೊಳಕು ನೀರು ಶುದ್ಧ ಮಾಡುವ ಘಟಕ) ತಟಸ್ಥ ಮಾಡುವ ಖರ್ಚು ಬೇರೆ.

ಟೈಟಾನಿಯಂ ಜಿಗ್‌ಗೆ ಸ್ಟ್ರಿಪ್ಪಿಂಗ್ ಬೇಡ. ಅದರ ಪೊರೆ ಸ್ವಲ್ಪ ದಪ್ಪವಾಗಿ ಕಂದು, ನೇರಳೆ, ನೀಲಿ ಬಣ್ಣಕ್ಕೆ ತಿರುಗಿ ಅಲ್ಲಿಗೆ ನಿಲ್ಲುತ್ತದೆ. ಹೊಸದಾಗಿ ಬಂದ ಹುಡುಗರು ಜಿಗ್ ಸುಟ್ಟುಹೋಯಿತು ಅಂತ ಗಾಬರಿಯಾಗುತ್ತಾರೆ. ಆ ಬಣ್ಣ ವೋಲ್ಟೇಜಿನದ್ದು, ಏನೂ ತೊಂದರೆ ಇಲ್ಲ. ಹಿಡಿದ ಜಾಗದಲ್ಲಿ ಲೋಹಕ್ಕೆ ಲೋಹ ಒತ್ತಿಕೊಂಡಿದ್ದು, ಆಮ್ಲ ನುಗ್ಗದಿದ್ದರೆ ಕರೆಂಟ್ ಹರಿಯುತ್ತದೆ. ಆ ತುದಿಯನ್ನು ಆಗಾಗ ಅರ ಹಾಕಿ ಉಜ್ಜಿದರೆ ಸಾಕು.

ಹಾಗಾದರೆ ಅರ್ಧ ಗೆಲುವು ಅಂದದ್ದೇಕೆ? ಟೈಟಾನಿಯಂ ಕರೆಂಟ್ ಒಯ್ಯುವುದರಲ್ಲಿ ಹಿಂದೆ. ಅಲ್ಯೂಮಿನಿಯಂಗೆ ಹೋಲಿಸಿದರೆ ಕರೆಂಟಿಗೆ ಒಡ್ಡುವ ಅಡ್ಡಿ 15ರಿಂದ 20 ಪಟ್ಟು ಜಾಸ್ತಿ. ಸಣ್ಣ ಜಾಬ್‌ಗೆ ಇದು ಗೊತ್ತೇ ಆಗುವುದಿಲ್ಲ. ದೊಡ್ಡ ಪ್ಯಾನೆಲ್ ನೇತುಹಾಕಿದರೆ ಜಿಗ್ ಬಿಸಿಯಾಗುತ್ತದೆ, ಮೇಲಿನ ಜಾಬ್‌ಗೂ ಕೆಳಗಿನ ಜಾಬ್‌ಗೂ ಪದರದ ದಪ್ಪ ಬೇರೆ ಬೇರೆ ಬರುತ್ತದೆ. ಬಣ್ಣ ಹಾಕಿದಾಗ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕಪ್ಪು ಬಣ್ಣದಲ್ಲಿ ಮುಚ್ಚಿಹೋಗಬಹುದು, ಷಾಂಪೇನ್ ಬಣ್ಣದಲ್ಲಿ ಕಸ್ಟಮರ್ ವಾಪಸ್ ಕಳಿಸುತ್ತಾನೆ.

ದಪ್ಪ, ಗಟ್ಟಿ ಪದರ ಬೆಳೆಸುವ ಹಾರ್ಡ್ ಅನೊಡೈಸಿಂಗ್‌ಗಂತೂ ಪೂರ್ತಿ ಟೈಟಾನಿಯಂ ಜಿಗ್ ಬೇಡ. ಅಲ್ಲಿ ಬಾತ್ ಸೊನ್ನೆ ಡಿಗ್ರಿಯ ಹತ್ತಿರ ಇರುತ್ತದೆ, ಕರೆಂಟ್ ಎರಡು ಮೂರು ಪಟ್ಟು ಜಾಸ್ತಿ, ವೋಲ್ಟೇಜ್ ಎಷ್ಟೋ ಮೇಲೆ. ಹಿಡಿತದ ತುದಿಯಲ್ಲಿ ಬಿಸಿ ಏರಿದರೆ ಜಾಬೇ ಸುಟ್ಟು ತೂತಾಗುತ್ತದೆ. ಆ ಲೈನಿನಲ್ಲಿ ನಾವು ದಪ್ಪ ಅಲ್ಯೂಮಿನಿಯಂ ಜಿಗ್ಗನ್ನೇ ಬೋಲ್ಟ್ ಹಾಕಿ ಬಿಗಿದು ಬಳಸುತ್ತೇವೆ.

ಮಾಮೂಲಿ ಅನೊಡೈಸಿಂಗ್‌ಗೆ ನನಗೆ ಇಷ್ಟವಾದದ್ದು ಬೆರಕೆ ಜಿಗ್. ನಡುಕಂಬ ದಪ್ಪ ಅಲ್ಯೂಮಿನಿಯಂ, ಮೇಲೆ ಪ್ಲಾಸ್ಟಿಸಾಲ್ (ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್) ಲೇಪನ, ಜಾಬ್ ಹಿಡಿಯುವ ಬೆರಳುಗಳು ಮಾತ್ರ ಟೈಟಾನಿಯಂ, ಬೋಲ್ಟ್ ಹಾಕಿ ಕೂರಿಸಿದ್ದು. ಕರೆಂಟ್ ಬಹುದೂರ ಅಲ್ಯೂಮಿನಿಯಂನಲ್ಲೇ ಬರುತ್ತದೆ, ಕೊನೆಯ ಗೇಣಿನಲ್ಲಿ ಮಾತ್ರ ಟೈಟಾನಿಯಂ ದಾಟುತ್ತದೆ. ಲೇಪನ ಹರಿದ ಕಡೆ ಆಮ್ಲ ಒಳಗೆ ನುಗ್ಗುತ್ತದೆ, ಅದರ ಮೇಲೆ ಕಣ್ಣಿರಬೇಕು.

ಒಂದು ಎಚ್ಚರಿಕೆ. ಸಂಜೆ ಕರೆಂಟ್ ಆಫ್ ಮಾಡಿ ಟೈಟಾನಿಯಂ ಜಿಗ್ಗನ್ನು ಆಮ್ಲದಲ್ಲೇ ಬಿಟ್ಟು ಮನೆಗೆ ಹೋಗಬೇಡಿ. ಅಷ್ಟು ಗಟ್ಟಿ ಸಲ್ಫ್ಯೂರಿಕ್‌ನಲ್ಲಿ ಪೊರೆಯನ್ನು ಕಾಯುತ್ತಿರುವುದು ಕರೆಂಟೇ. ಅದು ನಿಂತ ಮೇಲೆ ಟೈಟಾನಿಯಂ ಮೆಲ್ಲಗೆ ಕರಗುತ್ತದೆ.

ಗ್ರೇಡ್ ಯಾವುದು?

ಸಿಪಿಯಲ್ಲಿ 1ರಿಂದ 4ರವರೆಗೆ ಗ್ರೇಡ್ ಇದೆ. ಮುಖ್ಯ ವ್ಯತ್ಯಾಸ ಒಳಗೆ ಸೇರಿರುವ ಆಮ್ಲಜನಕ. ಗ್ರೇಡ್ 1ರಲ್ಲಿ ಗರಿಷ್ಠ 0.18 ಶೇಕಡ, 2ರಲ್ಲಿ 0.25, 3ರಲ್ಲಿ 0.35, 4ರಲ್ಲಿ 0.40. ಇಷ್ಟು ಸಣ್ಣ ಹೆಚ್ಚಳಕ್ಕೆ ತುಂಡಾಗುವ ಮಟ್ಟ 240ರಿಂದ 550 ಮೆಗಾಪಾಸ್ಕಲ್‌ಗೆ ಏರುತ್ತದೆ, ಬಾಗುವ ಗುಣ ಇಳಿಯುತ್ತದೆ.

ಗ್ರೇಡ್ 1 ಬಗ್ಗಿಸಲು ಬಲು ಸುಲಭ. ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನ ತೆಳು ಹಾಳೆಗಳನ್ನು ಅದರಲ್ಲೇ ಒತ್ತುತ್ತಾರೆ. ನಮ್ಮ ಜಿಗ್ ಬೆರಳಿಗೆ ಅದು ಕೈಕೊಟ್ಟಿತು. ಸ್ಪ್ರಿಂಗ್ ಬೇಗ ಸತ್ತು ಹಿಡಿತ ಸಡಿಲವಾಯಿತು. ಗ್ರೇಡ್ 4ರ ಬೆರಳು ಚೆನ್ನಾಗಿ ಒತ್ತುತ್ತದೆ, ಆದರೆ ನಮ್ಮ ಬೆಂಡಿಂಗ್‌ನಲ್ಲಿ ಮೂಲೆಗೆ ಬಿರುಕು ಬಂತು. ಗ್ರೇಡ್ 2 ನಡುವೆ ನಿಲ್ಲುತ್ತದೆ, ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದೂ ಅದೇ. ಅದನ್ನೂ ಚೂಪಾಗಿ ಮಡಿಸಬಾರದು. ಒಳ ತ್ರಿಜ್ಯ ದಪ್ಪದ ಎರಡೂವರೆ ಪಟ್ಟು ಇರಲಿ. ಬಗ್ಗಿಸಿದ ಮೇಲೆ ಸ್ಟೀಲಿಗಿಂತ ಜಾಸ್ತಿ ಹಿಂದಕ್ಕೆ ಚಿಮ್ಮುತ್ತದೆ, ಅದಕ್ಕೆ ಮೊದಲೇ ಸ್ವಲ್ಪ ಹೆಚ್ಚು ಬಗ್ಗಿಸಿ.

ಗ್ರೇಡ್ 5 ತೆಗೆದುಕೊಳ್ಳಿ, ವಿಮಾನಕ್ಕೆ ಹಾಕುವುದು ಅದೇ ಅಂತ ಅಂಗಡಿಯವರು ಹೇಳುತ್ತಾರೆ. ಅದು ಶುದ್ಧ ಟೈಟಾನಿಯಂ ಅಲ್ಲ, ಶೇಕಡ 6 ಅಲ್ಯೂಮಿನಿಯಂ, ಶೇಕಡ 4 ವನೇಡಿಯಂ ಇರುವ ಮಿಶ್ರಲೋಹ. ಶಕ್ತಿ ಎರಡೂವರೆ ಪಟ್ಟು, ನಿಜ. ಆದರೆ ತಣ್ಣಗೆ ಬಗ್ಗಿಸುವುದು ಕಷ್ಟ, ಶಾಖ ದಾಟಿಸುವುದು ಇನ್ನೂ ಕಡಿಮೆ. ಟ್ಯಾಂಕಿನಲ್ಲಿ ಕೂರುವ ಕಾಯಿಲ್‌ಗೆ ಆ ಶಕ್ತಿ ಯಾಕೆ? ಗ್ರೇಡ್ 7 ಬೇರೆ ವಿಷಯ. ಅದು ಗ್ರೇಡ್ 2ಕ್ಕೆ ಚಿಟಿಕೆಯಷ್ಟು ಪಲ್ಲೇಡಿಯಂ ಸೇರಿಸಿದ್ದು. ಬಿಸಿ ಕ್ಲೋರೈಡ್ 80 ಡಿಗ್ರಿ ದಾಟಿದರೆ ಗ್ಯಾಸ್ಕೆಟ್ ಸಂದಿಯಲ್ಲಿ ಗ್ರೇಡ್ 2 ತಿನ್ನಿಸಿಕೊಳ್ಳಬಹುದು, ಅಲ್ಲಿ ಗ್ರೇಡ್ 7 ಬೇಕಾಗುತ್ತದೆ. ನಮ್ಮ 60 ಡಿಗ್ರಿಗೆ ಬೇಡ.

ಎಲ್ಲಿ ಹಾಕಲೇಬಾರದು

ಫ್ಲೋರೈಡ್ ಇರುವ ಯಾವ ಟ್ಯಾಂಕಿಗೂ ಬೇಡ. ಅಲ್ಯೂಮಿನಿಯಂಗೆ ಮ್ಯಾಟ್ ಬರಿಸಲು ಅಮೋನಿಯಂ ಬೈಫ್ಲೋರೈಡ್ ಬಳಸುವವರಿದ್ದಾರೆ, ಡಿಸ್ಮಟ್ಟಿಂಗ್‌ನಲ್ಲೂ (ಜಾಬ್ ಮೇಲಿನ ಕಪ್ಪು ಮಸಿ ತೆಗೆಯುವ ಆಮ್ಲದ ಟ್ಯಾಂಕ್) ಅದು ನುಸುಳಿರುತ್ತದೆ. ಟೈಟಾನಿಯಂ ಬೆರಳುಗಳು ಅಲ್ಲಿ ನೋಡನೋಡುತ್ತಲೇ ತೆಳ್ಳಗಾಗುತ್ತವೆ. ಮಾಮೂಲಿ ಹಾರ್ಡ್ ಕ್ರೋಮ್ ಬಾತ್‌ನಲ್ಲಿ ಟೈಟಾನಿಯಂ ಕಾಯಿಲ್ ಚೆನ್ನಾಗಿಯೇ ನಡೆಯುತ್ತದೆ. ಅದೇ ಬಾತ್‌ಗೆ ಫ್ಲೋರೈಡ್ ಕೆಟಲಿಸ್ಟ್ ಹಾಕಿದ್ದರೆ ನಡೆಯುವುದಿಲ್ಲ. ನಿಕ್ಕಲ್ ಫ್ಲೂಬೋರೇಟ್ ಬಾತ್‌ಗೂ ಇದೇ ಮಾತು. ಅಂಥ ಕಡೆ ಟೆಫ್ಲಾನ್ ಎಷ್ಟೇ ಸೋಮಾರಿಯಾದರೂ ಅದೇ ಗತಿ. ಕ್ಲೋರಿನ್ ಗ್ಯಾಸ್ ಕೆಲಸದವರಿಗೆ ಇನ್ನೊಂದು ವಿಚಿತ್ರ ಇದೆ. ಒದ್ದೆ ಕ್ಲೋರಿನ್‌ಗೆ ಟೈಟಾನಿಯಂ ಜಗ್ಗುವುದಿಲ್ಲ, ಒಣ ಕ್ಲೋರಿನ್ ತಾಕಿದರೆ ಹೊತ್ತಿಕೊಂಡೇ ಉರಿಯಬಹುದು. ಪೊರೆ ರಿಪೇರಿಯಾಗಲು ನೀರು ಬೇಕಲ್ಲ!

ವೆಲ್ಡಿಂಗ್ ಮತ್ತು ಖರೀದಿ

ವೆಲ್ಡಿಂಗ್ ಆರ್ಗಾನ್‌ನಲ್ಲೇ ಆಗಬೇಕು, ಸ್ಟೇನ್‌ಲೆಸ್ ಮಾಡುವ ರೀತಿಯಲ್ಲಿ ಅಲ್ಲ. ಟಾರ್ಚ್ ಮುಂದೆ ಹೋದ ಮೇಲೂ ಹಿಂದಿನ ಬಿಸಿ ಜಾಗಕ್ಕೆ ಆರ್ಗಾನ್ ಮುಚ್ಚಿರಬೇಕು, ಪೈಪಿನ ಒಳಗಡೆಯೂ ತುಂಬಿರಬೇಕು. ವೆಲ್ಡ್ ಬೆಳ್ಳಿಯಂತೆ ಇದ್ದರೆ ಪಾಸ್. ತೆಳು ಹುಲ್ಲಿನ ಬಣ್ಣವಾದರೂ ನಡೆಯುತ್ತದೆ. ನೀಲಿಗೆ ತಿರುಗಿದರೆ ನಾನು ಒಪ್ಪುವುದಿಲ್ಲ. ಬೂದು ಅಥವಾ ಬಿಳಿ ಪುಡಿ ಕಂಡರೆ ಕತ್ತರಿಸಿ ಬಿಸಾಕಿ, ಒಳಗೆ ಗಾಳಿ ಸೇರಿ ಪೆಡಸಾಗಿರುತ್ತದೆ. ಕಬ್ಬಿಣಕ್ಕೆ ಬಳಸಿದ ವೈರ್ ಬ್ರಷ್ ಮುಟ್ಟಿಸಬೇಡಿ. ಡ್ರಿಲ್ ಹಾಕುವಾಗ ನಿಧಾನದ ಸ್ಪೀಡ್, ಚೂಪಾದ ಬಿಟ್, ಧಾರಾಳ ಕೂಲಂಟ್. ಸಣ್ಣ ಚೂರುಗಳು ಹೊತ್ತಿಕೊಳ್ಳುತ್ತವೆ. ಹೊತ್ತಿಕೊಂಡರೆ ನೀರು ಎರಚಬಾರದು, ಒಣ ಮರಳು ಸುರಿಯಬೇಕು.

ಖರೀದಿಯಲ್ಲಿ ಒಂದು ಗುಟ್ಟು ಇದೆ. ಸ್ಕ್ರ್ಯಾಪ್ ಅಂಗಡಿಯವರು ಗನ್ ಹಿಡಿದು ಇದು ಟೈಟಾನಿಯಂ, ಗ್ರೇಡ್ 2 ಅಂತ ತೋರಿಸುತ್ತಾರೆ. ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ ಆ ಎಕ್ಸ್‌ಆರ್‌ಎಫ್ ಗನ್‌ಗೆ ಆಮ್ಲಜನಕ ಕಾಣುವುದೇ ಇಲ್ಲ. ಗ್ರೇಡ್ 5ರ ವನೇಡಿಯಂ, ಗ್ರೇಡ್ 7ರ ಪಲ್ಲೇಡಿಯಂ ಕಾಣುತ್ತವೆ, 1ರಿಂದ 4ರ ನಡುವೆ ಅದು ಖಚಿತವಾಗಿ ಹೇಳಲಾರದು. ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಆಮ್ಲಜನಕದ ಸಂಖ್ಯೆ ನೋಡಿ. ಅದರಲ್ಲಿರುವ ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚಿನ ಸಂಖ್ಯೆ) ತಗಡಿನ ಮೇಲಿನ ನಂಬರಿಗೆ ತಾಳೆಯಾಗಬೇಕು. ನಂಬರ್ ಇರುವ ಮೂಲೆಯನ್ನು ಕಡೆಯಲ್ಲಿ ಕತ್ತರಿಸಿ. ಇಲ್ಲದಿದ್ದರೆ ಉಳಿದ ತುಂಡು ಯಾವ ಗ್ರೇಡ್ ಅಂತ ಲ್ಯಾಬಿಗೆ ದುಡ್ಡು ಕೊಟ್ಟೇ ತಿಳಿದುಕೊಳ್ಳಬೇಕಾಗುತ್ತದೆ.